ಹಿತ್ತಿಲ ಇಟ್ಟಿಗೆ ಪಿಜ್ಜಾ ಒಲೆ: ಹಲವು ಮಳೆಗಾಲ ಬಳಸಿದ ಮೇಲೆ

ಕಟ್ಟಿಗೆ ಒಲೆ ಕಟ್ಟಿಸಿದವರ ಮಾತು ಸಾಮಾನ್ಯವಾಗಿ ಮೊದಲ ಪಿಜ್ಜಾ ಹೊರಬಂದ ದಿನಕ್ಕೇ ಮುಗಿದುಹೋಗುತ್ತದೆ. ಒಲೆಯ ಹಣೆಬರಹ ಗೊತ್ತಾಗುವುದು ಜುಲೈ ತಿಂಗಳಲ್ಲಿ. ಎರಡು ಗಂಟೆ ಉರಿಸಿದ ಮೇಲೂ ಮೇಲೆ ಚೀಸ್ ಕೊತಕೊತ ಕುದಿಯುತ್ತಿದ್ದು ಅಡಿ ಮಾತ್ರ ಬಿಳಿಚಿಕೊಂಡು ಮೆತ್ತಗಿದ್ದರೆ, ಹಿಟ್ಟನ್ನೋ ಸೌದೆಯನ್ನೋ ಬೈಯುವ ಮೊದಲು ಹಾಸಿನ (ಒಲೆಯ ಒಳಗಿನ ಇಟ್ಟಿಗೆ ನೆಲದ) ಕೆಳಗೆ ನೀರು ಸೇರಿದೆಯೇ ನೋಡಿ. ಇಲ್ಲಿ ಹೇಳುತ್ತಿರುವುದು 90 ಸೆಂ.ಮೀ. ಒಳವ್ಯಾಸ, 45 ಸೆಂ.ಮೀ. ಎತ್ತರದ ಗುಮ್ಮಟದ ಒಲೆಯ ವಿಷಯ. ಇದರಲ್ಲಿ ಕೆಡುವುದೆಲ್ಲ ಹೆಚ್ಚುಕಮ್ಮಿ ನೀರಿನಿಂದಲೇ.

ಆಕಾರದ ಲೆಕ್ಕಾಚಾರ ಎಲ್ಲ ಕಡೆ ಸಿಗುತ್ತದೆ, ಅದನ್ನು ಮತ್ತೆ ಬರೆಯುವುದಿಲ್ಲ. ಒಂದೇ ಒಂದು ಅಳತೆಯಲ್ಲಿ ಮಾತ್ರ ರಾಜಿ ಬೇಡ: ಬಾಯಿಯ ಎತ್ತರ ಗುಮ್ಮಟದ ಒಳ ಎತ್ತರದ ಶೇ. 63ರ ಆಸುಪಾಸು, ಅಂದರೆ ಇಲ್ಲಿ 28 ಸೆಂ.ಮೀ. ದೊಡ್ಡ ಪಾತ್ರೆ ಹಿಡಿಯಲಿ ಅಂತ ಬಾಯಿ ಎತ್ತರಿಸಿದರೆ ಶಾಖ ಅಲ್ಲಿಂದಲೇ ಹೊರಟುಹೋಗುತ್ತದೆ. ತಗ್ಗಿಸಿದರೆ ಗಾಳಿ ಸಾಲದೆ ಹೊಗೆ ಕಟ್ಟುತ್ತದೆ.

ಮೇಸ್ತ್ರಿಗಳು ಸುಲಭವಾಗಿ ಹಾರಿಸಿಬಿಡುವ ಹಂತ ಹಾಸಿನ ಕೆಳಗಿನದು. ಆರ್‌ಸಿಸಿ ಚಪ್ಪಡಿಯ ಮೇಲೆ ಮರಳು ಹರಡಿ ನೇರ ಇಟ್ಟಿಗೆ ಜೋಡಿಸಿದರೆ ಕಾಣುವುದಕ್ಕೆ ಚೆನ್ನಾಗಿಯೇ ಇರುತ್ತದೆ, ಆದರೆ ಬೆಂಕಿಯ ಅರ್ಧ ದುಡಿಮೆ ಚಪ್ಪಡಿಯನ್ನು ಕಾಯಿಸುವುದರಲ್ಲೇ ಕಳೆಯುತ್ತದೆ. ಚಪ್ಪಡಿಗೂ ಹಾಸಿಗೂ ನಡುವೆ ಶಾಖ ಕೆಳಗಿಳಿಯದಂತೆ ತಡೆಯುವ 5 ಸೆಂ.ಮೀ. ದಪ್ಪದ ಕ್ಯಾಲ್ಸಿಯಂ ಸಿಲಿಕೇಟ್ ಬೋರ್ಡ್ ಬೇಕು. ಬಜೆಟ್ ಬಿಗಿಯಿದ್ದರೆ ಐದು ಪಾಲು ವರ್ಮಿಕ್ಯುಲೈಟಿಗೆ (ಕಾಯಿಸಿ ಉಬ್ಬಿಸಿದ ಹಗುರ ಖನಿಜದ ಹರಳು) ಒಂದು ಪಾಲು ಸಿಮೆಂಟ್ ಕಲಸಿ 10 ಸೆಂ.ಮೀ. ಹಾಕಬಹುದು. ಇದು ಅಗ್ಗ, ಆದರೆ ಕಲಸುವಾಗ ವಿಪರೀತ ನೀರು ಕುಡಿಯುತ್ತದೆ. ಬಿಸಿಲಿನಲ್ಲೂ ಒಣಗಲು ವಾರಗಟ್ಟಲೆ ಬೇಕು. ಚಪ್ಪಡಿ ಎರಕ ಹೊಯ್ಯುವಾಗಲೇ 12 ಮಿ.ಮೀ. ಪೈಪಿನ ತುಂಡುಗಳನ್ನು ನಿಲ್ಲಿಸಿ ಕೆಳಕ್ಕೆ ನಾಲ್ಕೈದು ತೂತು ಬಿಟ್ಟುಕೊಳ್ಳಿ. ಮುಂದೆ ಎಲ್ಲಿಂದಲೋ ನುಸುಳಿದ ನೀರಿಗೆ ಹೊರಹೋಗಲು ಅದೊಂದೇ ದಾರಿ.

ಹಾಸಿನ ಇಟ್ಟಿಗೆಗೆ ಗಾರೆ ಬೇಡ. ಜರಡಿ ಹಿಡಿದ ಮರಳು, ಬೆಂಕಿ ತಾಳುವ ಜೇಡಿಮಣ್ಣಾದ ಫೈರ್‌ಕ್ಲೇ ಸಮಸಮ ಬೆರೆಸಿದ ಒಣ ಪುಡಿಯನ್ನು ಎರಡು ಮೂರು ಮಿ.ಮೀ. ಹರಡಿ, ಅದರ ಮೇಲೆ ಬಿಗಿಯಾಗಿ, ಬಾಯಿಗೆ ಓರೆಯಾಗಿ ಜೋಡಿಸಿ. ನೇರ ಸಾಲಿನಲ್ಲಿಟ್ಟರೆ ಪಿಜ್ಜಾ ತೆಗೆಯುವ ಸಲಿಕೆಯ ಅಂಚು ಪ್ರತಿ ಸಂದಿಗೂ ತಾಗುತ್ತದೆ. ಗಾರೆ ಇಲ್ಲದ ಹಾಸಿನಲ್ಲಿ ಒಂದು ಇಟ್ಟಿಗೆ ಸೀಳಿದರೆ ಅದನ್ನಷ್ಟೇ ಎಬ್ಬಿಸಿ ಬದಲಾಯಿಸಬಹುದು.

ಇಟ್ಟಿಗೆ 230×115×75 ಮಿ.ಮೀ. ಅಳತೆಯ, ಶಾಖ ತಾಳುವ ಫೈರ್‌ಬ್ರಿಕ್, ಭಾರತೀಯ ಮಾನಕದ ಐಎಸ್ 8 ದರ್ಜೆಯದು ಸಾಕು. ಹೆಚ್ಚು ಅಲ್ಯೂಮಿನಾದ ದುಬಾರಿ ಇಟ್ಟಿಗೆ ಕುಲುಮೆಗೆ ಸರಿ, ಮನೆ ಒಲೆಗೆ ದುಡ್ಡು ದಂಡ. ಗುಮ್ಮಟಕ್ಕೆ ಅರ್ಧಕ್ಕೆ ಕತ್ತರಿಸಿ ಬಳಸಿದರೆ ಹಾಸು, ಕಮಾನು ಎಲ್ಲ ಸೇರಿ 150ರ ಆಸುಪಾಸು. ಒಡೆಯುವುದಕ್ಕೆಂದು ಇನ್ನೊಂದು ಹತ್ತು. ಒಂದೊಂದೂ ನಾಲ್ಕು ಕೆ.ಜಿ. ಹತ್ತಿರ ತೂಗುವುದರಿಂದ ಕಟ್ಟೆ ಗಟ್ಟಿಯಿರಲಿ. ಕತ್ತರಿಸುವಾಗ ನೀರು ಬಿಟ್ಟುಕೊಂಡೇ ಕತ್ತರಿಸಿ, ಎನ್95 ಮಾಸ್ಕ್ ಹಾಕಿ. ಆ ದೂಳಿನ ಸಿಲಿಕಾ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಗಾರೆ: ಮರಳು ಮೂರು ಪಾಲು, ಸಿಮೆಂಟ್, ಸುಣ್ಣದ ಪುಡಿ, ಫೈರ್‌ಕ್ಲೇ ಒಂದೊಂದು ಪಾಲು. ಬರೀ ಸಿಮೆಂಟ್ ಗಾರೆ ಈ ಶಾಖಕ್ಕೆ ಪುಡಿಯಾಗುತ್ತದೆ. ಸಿಮೆಂಟಿನ ಹಿಡಿತ ಸಡಿಲವಾದ ಮೇಲೆ ಸುಣ್ಣ ಮತ್ತು ಜೇಡಿ ಸಂದಿಯನ್ನು ಹಿಡಿದುಕೊಳ್ಳುತ್ತವೆ. ಇಟ್ಟಿಗೆಯನ್ನು ಕ್ಷಣಕಾಲ ನೀರಿಗದ್ದಿ ತೆಗೆದು ಕೂರಿಸಿ. ಒಣ ಇಟ್ಟಿಗೆ ಗಾರೆಯ ನೀರು ಹೀರಿ, ಮರುದಿನ ಕೈಯಿಟ್ಟರೆ ಕಳಚಿ ಬರುತ್ತದೆ.

ಇನ್ನು ಒಣಗಿಸುವುದು. ಸಹನೆ ಕೈಕೊಡುವುದು ಇಲ್ಲೇ. ಕೊನೆಯ ಇಟ್ಟಿಗೆ ಕೂತ ಮೇಲೆ ಏಳು ದಿನ ಒದ್ದೆ ಗೋಣಿತಾಟು ಹೊದಿಸಿ ಗಾರೆಗೆ ನೀರುಣಿಸಬೇಕು. ಆಮೇಲೆ ಒಂದು ವಾರ ನೆರಳಿನಲ್ಲಿ ಸುಮ್ಮನೆ ಬಿಡಬೇಕು. ಆ ಮೇಲಷ್ಟೇ ಬೆಂಕಿ, ಅದೂ ಬೆಂಕಿ ಅನ್ನಿಸದಷ್ಟು. ಮೊದಲ ದಿನ ಬರೀ ಇದ್ದಿಲು, ಗುಮ್ಮಟದ ಒಳಮೈ 120ರಿಂದ 150 ಡಿಗ್ರಿ ದಾಟದಂತೆ ಐದಾರು ಗಂಟೆ. ಮರುದಿನದಿಂದ ದಿನಕ್ಕೆ 30 ಡಿಗ್ರಿಯಷ್ಟೇ ಏರಿಕೆ. 260 ಮುಟ್ಟಿದ ಮೇಲೆ ಸೌದೆ ಸೇರಿಸಿ 300, ಆಮೇಲೆ 350. ಬಾಗಿಲು ಪೂರ್ತಿ ಮುಚ್ಚಬೇಡಿ, ಆವಿ ಹೊರಗೆ ಹೋಗಬೇಕು. ನೀರು ಆವಿಯಾದಾಗ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಇಟ್ಟಿಗೆಯೊಳಗೆ ಅದಕ್ಕೆ ಜಾಗ ಸಿಗದಿದ್ದರೆ ಚಕ್ಕೆ ಎದ್ದು ಹಾರುತ್ತದೆ. ಉರಿ ಜಾಸ್ತಿಯಾಯಿತೆಂದು ಒಳಗೆ ನೀರು ಮಾತ್ರ ಎರಚಬೇಡಿ. ಕೆಂಡ ಎಳೆದುಹಾಕಿದರೆ ಸಾಕು.

ಶಾಖ ಹೊರಹೋಗದಂತೆ ತಡೆಯುವ ಸೆರಾಮಿಕ್ ಫೈಬರ್ ಕಂಬಳಿ ಈ ಬೆಂಕಿಗಳಿಗೂ ಮೊದಲೇ ಗುಮ್ಮಟದ ಮೇಲಿರಲಿ, ಹೊರಗಿನ ಗಾರೆ ಮಾತ್ರ ಇನ್ನೂ ಬೇಡ. ಕಂಬಳಿ ಇಲ್ಲದಿದ್ದರೆ ಇಟ್ಟಿಗೆಯ ಒಳಮೈ ಕಾದು ಹೊರಮೈ ತಣ್ಣಗಿದ್ದು ಬಿರುಕು ದೊಡ್ಡದಾಗುತ್ತದೆ. 25 ಮಿ.ಮೀ. ದಪ್ಪದ್ದು ಮೂರು ಪದರ, 7.3 ಮೀಟರ್ ಉದ್ದ, 61 ಸೆಂ.ಮೀ. ಅಗಲದ ಎರಡು ರೋಲ್ ಸಾಕಾಗುತ್ತದೆ. ತುಂಬುತೋಳಿನ ಅಂಗಿ ಹಾಕದೆ ಮುಟ್ಟಿದರೆ ರಾತ್ರಿಯೆಲ್ಲ ತುರಿಕೆ.

ಒಣಗಿತೇ ಎಂದು ತಿಳಿಯಲು ಉಪಕರಣ ಬೇಡ. ಒಲೆ ಬಿಸಿಯಿರುವಾಗ ಕಂಬಳಿಯ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಅರ್ಧ ಗಂಟೆ ಬಿಡಿ. ಮೊದಲ ದಿನಗಳಲ್ಲಿ ಹಾಳೆಯ ಅಡಿಯಲ್ಲಿ ಹನಿಹನಿ ಕಟ್ಟಿ, ಎತ್ತಿದರೆ ಅಂಚಿನಿಂದ ನೀರು ತೊಟ್ಟಿಕ್ಕುತ್ತದೆ. ಬರಬರುತ್ತಾ ಅದು ಮಂಜು ಕವಿದಷ್ಟಕ್ಕೆ ಇಳಿಯುತ್ತದೆ. ಹಾಳೆ ಒಣಗಿಯೇ ಇದ್ದರೆ ಹೊರಗಾರೆಗೆ ಕೈಹಾಕಿ. ಇಷ್ಟೆಲ್ಲ ಮಾಡಿದರೂ ಕೂದಲೆಳೆಯಂಥ ಬಿರುಕು ಬಂದೇ ಬರುತ್ತದೆ, ಕಾದಾಗ ಕೂಡಿಕೊಳ್ಳುತ್ತದೆ, ಬಿಟ್ಟುಬಿಡಿ. ಮೂರು ಮಿ.ಮೀ. ದಾಟಿದರೆ ಮಾತ್ರ ಒಲೆ ಆರಿದ ಮೇಲೆ ಅದೇ ಗಾರೆ ತುಂಬಿ.

ಹೊರಗಾರೆ ಎಷ್ಟು ಗಟ್ಟಿ ಹಾಕಿದರೂ, ಮೇಲೆ ಯಾವ ವಾಟರ್‌ಪ್ರೂಫ್ ಬಣ್ಣ ಬಳಿದರೂ, ತೆರೆದ ಹಿತ್ತಿಲಿನಲ್ಲಿ ಮುಂಗಾರಿನ ನೀರು ಒಳಗೆ ಹೋಗಿಯೇ ತೀರುತ್ತದೆ. ಬಣ್ಣ ಬಳಿದ ಒಲೆಯ ಪಾಡು ಇನ್ನೂ ಕೆಟ್ಟದ್ದು, ಒಳಹೊಕ್ಕ ನೀರು ಹೊರಗೂ ಬಾರದು. ಗುಮ್ಮಟದ ನೆತ್ತಿಯಲ್ಲಿ ಟೋಪಿಯಿರುವ ಸಣ್ಣ ಗಾಳಿಗೊಳವೆ ಬಿಟ್ಟರೆ ಕಂಬಳಿಯ ಆವಿ ಅಲ್ಲಿಂದ ಹೋಗುತ್ತದೆ. ಶಾಶ್ವತ ಪರಿಹಾರ ನಾಲ್ಕು ಕಂಬದ ಮೇಲೊಂದು ಶೀಟಿನ ಮಾಡು. ಒಲೆಯ ಅಂದ ಕೆಡುತ್ತದೆ ಎಂದು ಇದನ್ನು ಮುಂದೂಡುವವರೇ ಹೆಚ್ಚು. ಅಂದಾಜು ಪಟ್ಟಿಯಲ್ಲಿ ಇಟ್ಟಿಗೆಗಿಂತ ಮೊದಲು ಮಾಡಿನ ಖರ್ಚು ಬರೆದುಕೊಳ್ಳಿ.

ಇಷ್ಟು ದೂರಿದ ಮೇಲೂ ಈ ಒಲೆಯನ್ನು ಬಿಟ್ಟುಕೊಡಲು ಮನಸ್ಸು ಬಾರದು, ಅದಕ್ಕೆ ಕಾರಣ ಪಿಜ್ಜಾ ಅಲ್ಲ. ಪಿಜ್ಜಾ ಚೆನ್ನಾಗಿಯೇ ಬರುತ್ತದೆ: ಹಾಸು 400 ಡಿಗ್ರಿ ದಾಟಿ ಗುಮ್ಮಟ ಅದಕ್ಕಿಂತ ಹೆಚ್ಚಿದ್ದರೆ 90 ಸೆಕೆಂಡಿನಲ್ಲಿ ಕೆಲಸ ಮುಗಿಯಿತು. ಹೇಳಬೇಕಾದ್ದು ಬೆಂಕಿ ಆರಿದ ನಂತರದ ಹೊತ್ತಿನ ಬಗ್ಗೆ. ಕೆಂಡ ಎಳೆದು, ಬಾಗಿಲು ಬಿಗಿಯಾಗಿ ಮುಚ್ಚಿಟ್ಟರೆ ಒಣಗಿದ ಒಲೆ ಮರುದಿನ ಬೆಳಗ್ಗೆಯೂ 200 ಡಿಗ್ರಿಯ ಸುತ್ತಮುತ್ತ ಇರುತ್ತದೆ. ಹಿಂದಿನ ರಾತ್ರಿ ಕಲಸಿಟ್ಟ ಬ್ರೆಡ್ ಆಗ ಒಳಗೆ. ಅದು ಬಂದ ಮೇಲೆ ರಾಗಿ ಬಿಸ್ಕತ್ತು, ಖಾರಾ ಬಿಸ್ಕತ್ತು. ಮಧ್ಯಾಹ್ನದ ಹೊತ್ತಿಗೆ ಶಾಖ ಇಳಿದಾಗ ಹಲಸಿನ ಬೀಜ, ಸಂಜೆಯ ಉಗುರುಬೆಚ್ಚಗಿನ ಒಲೆಗೆ ಕೊಬ್ಬರಿ, ಒಣಮೆಣಸಿನಕಾಯಿ. ಪಿಜ್ಜಾದ ರಾತ್ರಿಯೇ ಕೆಂಡದ ಅಂಚಿಗೆ ಬದನೆಕಾಯಿ ಉರುಳಿಸಿಟ್ಟರೆ ಮರುದಿನದ ಗೊಜ್ಜಿಗೆ ಸುಟ್ಟ ಬದನೆ ಸಿದ್ಧ. ಅಯ್ಯಂಗಾರ್ ಬೇಕರಿಗಳ ಹಳೆಯ ಸೌದೆ ಒಲೆಯ ಬನ್ನು ತಿಂದವರಿಗೆ ಈ ಇಳಿಯುವ ಶಾಖದ ರುಚಿ ಹೊಸದೇನಲ್ಲ.

ಆ ಬೆಳಗಿನ ಅಂಕಿಯೇ ಒಲೆಯ ಆರೋಗ್ಯದ ಲೆಕ್ಕವೂ ಹೌದು. ಅಷ್ಟೇ ಸೌದೆ ಉರಿಸಿ, ಅಷ್ಟೇ ಹೊತ್ತು ಮುಚ್ಚಿಟ್ಟಿದ್ದರೂ ಬೆಳಗ್ಗೆ 200 ಇದ್ದದ್ದು 130ಕ್ಕೆ ಇಳಿದಿದ್ದರೆ ಕಂಬಳಿಯೋ ಅಡಿಯ ಪದರವೋ ನೆನೆದಿದೆ ಎಂದೇ ಅರ್ಥ. ಇನ್‌ಫ್ರಾರೆಡ್ ಥರ್ಮಾಮೀಟರ್ ಕೊಳ್ಳಲು ಇದೊಂದೇ ಕಾರಣ ಸಾಕು. ಅದಿಲ್ಲದಿದ್ದರೆ ಬೆಂಕಿ ಹಾಕುವಾಗ ಗುಮ್ಮಟದ ಮಸಿ ನೋಡಿ. ಮೊದಲು ಕಪ್ಪಗಾಗಿ, ಆಮೇಲೆ ನೆತ್ತಿಯಿಂದ ಶುರುವಾಗಿ ಇಟ್ಟಿಗೆ ಬೆಳ್ಳಗೆ ಕಾಣತೊಡಗುತ್ತದೆ. ಆ ಬಿಳುಪು ಬುಡದವರೆಗೆ ಇಳಿದ ಮೇಲೆ ಕೆಂಡವನ್ನು ಬದಿಗೆ ತಳ್ಳಿ, ಹಾಸು ಗುಡಿಸಿ, ಚಿಟಿಕೆ ಮೈದಾ ಎಸೆಯಿರಿ. ಬಿದ್ದ ಕೂಡಲೇ ಕರಕಲಾದರೆ ಹಾಸು ಸ್ವಲ್ಪ ಆರುವವರೆಗೆ ಕಾಯಿರಿ. ಪಿಜ್ಜಾ ಹಿಟ್ಟಿಗೆ ಸಾಧಾರಣ ಮೈದಾ ಆದರೆ ನೀರು ಮೈದಾ ತೂಕದ ಶೇ. 60 ದಾಟದಿರಲಿ, ದಾಟಿದರೆ ಸಲಿಕೆಗೆ ಅಂಟುತ್ತದೆ. ಪಿಜ್ಜಾದ ಅಡಿಯಲ್ಲಿ ಚಿರೋಟಿ ರವೆ ಉದುರಿಸಿ.

ಒಂದು ಸಲ ಪೂರ್ತಿ ಕಾಯಿಸಲು ಎಂಟು ಹತ್ತು ಕೆ.ಜಿ. ಒಣ ಸೌದೆ ಬೇಕು. ಸರ್ವೆ, ಹುಣಸೆ, ಜಾಲಿ ಚೆನ್ನಾಗಿ ಉರಿಯುತ್ತವೆ. ಹೊತ್ತಿಸಲು ತೆಂಗಿನ ಚಿಪ್ಪು. ಪಾಲಿಶ್ ಹಚ್ಚಿದ ಹಳೆಯ ಮರಮುಟ್ಟು, ಪ್ಲೈವುಡ್ ಖಂಡಿತ ಬೇಡ. ತಿಂಗಳಿಗೊಮ್ಮೆ ಎರಡು ಪಿಜ್ಜಾ ಮಾಡುವ ಮನೆಗೆ ಇಷ್ಟು ಸೌದೆ, ಇಷ್ಟು ಹೊತ್ತು ಎರಡೂ ಅತಿಯಾಯಿತು. ಅವರಿಗೆ ಗ್ಯಾಸಿನ ಪುಟ್ಟ ಸ್ಟೀಲ್ ಒಲೆ ಸಾಕು, ಹದಿನೈದು ಇಪ್ಪತ್ತು ನಿಮಿಷಕ್ಕೆ ಕಾಯುತ್ತದೆ. ವಾರಕ್ಕೊಮ್ಮೆ ಹತ್ತು ಜನ ಸೇರುವ, ಮರುದಿನ ಬ್ರೆಡ್ ಬೇಯಿಸುವ ಅಭ್ಯಾಸವಿರುವ ಮನೆಗೆ ಮಾತ್ರ ಇಟ್ಟಿಗೆ ಒಲೆ ಹೊಂದುತ್ತದೆ. ಹಾಗೆ ವಾರವಾರ ಉರಿಯುವ ಒಲೆಗೆ ನೆನೆಯಲು ಪುರುಸೊತ್ತೂ ಇರುವುದಿಲ್ಲ. ಮಳೆಗಾಲವಿಡೀ ಸುಮ್ಮನಿದ್ದ ಒಲೆಯನ್ನು ದಸರೆಗೆ ಹೊತ್ತಿಸುವುದಾದರೆ ನೇರ 400ಕ್ಕೆ ಏರಿಸಬೇಡಿ. ಎರಡು ದಿನ ಇದ್ದಿಲಿನ ಸಣ್ಣ ಬೆಂಕಿ, ಮೂರನೆಯ ದಿನ ಸೌದೆ.