ಅಟ್ಟ ಮೇಲೆ ಉರಿದ ಒಲೆ: ಅಂದಿನ ನನಗೆ ಬುದ್ಧಿಮಾತು ಬರೆಸುವ ಒಂದು ನೋಟ್‌ಬುಕ್

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆಯನ್ನೇ ಬಂಡವಾಳ ಮಾಡಿಕೊಂಡು ತಯಾರಿಸಿದ ನೋಟ್‌ಬುಕ್ ಇದು. ಇಪ್ಪತ್ತರ ಹರೆಯದವರು ತಮ್ಮ ಹದಿಹರೆಯದ ದಿನಗಳ ತಮಗೇ ಬುದ್ಧಿಮಾತು ಬರೆಯಲೆಂದು ರೂಪಿಸಿದ 160 ಪುಟಗಳ ಈ ಪುಸ್ತಕಕ್ಕೆ ಗಟ್ಟಿ ರಟ್ಟಿನ ಹೊದಿಕೆಯಿದೆ. ಎಡಪುಟದಲ್ಲಿ ಒಂದು ಪ್ರಶ್ನೆ, ಬಲಪುಟದಲ್ಲಿ ಗೆರೆ ಹಾಕಿದ ಖಾಲಿ ಜಾಗ, ಹಿಂದಿನ ರಟ್ಟಿನ ಒಳಬದಿಗೆ ಅಂಟಿಸಿದ ಒಂದು ಲಕೋಟೆ. ಇಪ್ಪತ್ತೇಳು ತುಂಬಿದ ದಿನ ಇದು ನನಗೆ ಉಡುಗೊರೆಯಾಗಿ ಬಂತು. ಮೂರು ತಿಂಗಳು, ವಾರಕ್ಕೆ ಎರಡು ಮೂರು ರಾತ್ರಿ ಕುಳಿತು ಬರೆದ ಮೇಲೆ ಈ ವಿಮರ್ಶೆಗೆ ಕೈಹಾಕಿದ್ದೇನೆ, ಏಕೆಂದರೆ ಇಂಥ ಪುಸ್ತಕವನ್ನು ಎರಡು ಪುಟ ಬರೆದು ಅಳೆಯುವುದು ಸರಿಯಲ್ಲ.

ಮೊದಲ ಐವತ್ತು ಪುಟಗಳು ನಿರಾಸೆಯನ್ನೇ ತಂದವು. ‘ನಿನ್ನ ಮೇಲೆ ನಂಬಿಕೆಯಿಡು ಎಂದು ಅಂದಿನ ನಿಮಗೆ ಹೇಗೆ ಹೇಳುವಿರಿ?’ ಎಂದು ಕೇಳಿದರೆ ಉತ್ತರ ಪ್ರಶ್ನೆಯಲ್ಲೇ ಇದೆ. ಬರೆಯುವವರಿಗೆ ಉಳಿಯುವುದು ಅದನ್ನು ದುಂಡಗಿನ ಅಕ್ಷರಗಳಲ್ಲಿ ನಕಲು ಮಾಡುವ ಕೆಲಸ ಮಾತ್ರ. ಸಮಯ ವ್ಯರ್ಥ ಮಾಡಬೇಡ, ಜನ ಏನೆನ್ನುತ್ತಾರೋ ಎಂದು ಹೆದರಬೇಡ ಎಂಬ ಮಾತುಗಳನ್ನು ನಾವೆಲ್ಲರೂ ಹದಿನಾರರಲ್ಲೇ ಶಿಕ್ಷಕರಿಂದಲೂ ಕ್ಯಾಲೆಂಡರಿನ ಹಾಳೆಗಳಿಂದಲೂ ಸಾಕುಸಾಕೆನ್ನುವಷ್ಟು ಕೇಳಿದ್ದೆವು. ಕೇಳಿಸಿಕೊಂಡ ಮಾತನ್ನು ನಡೆಸಲು ಅಂದು ನಮ್ಮ ಬಳಿ ಏನಿರಲಿಲ್ಲ ಎಂಬುದೇ ನಿಜವಾದ ಪ್ರಶ್ನೆ. ಅದನ್ನು ಈ ಪುಟಗಳು ಕೇಳುವುದೇ ಇಲ್ಲ.

ಐವತ್ತೆಂಟನೆಯ ಪುಟಕ್ಕೆ ಬಂದಾಗ ಪುಸ್ತಕದ ದನಿ ಬದಲಾಗುತ್ತದೆ. ಅಲ್ಲಿಂದ ಮುಂದೆ ಬಲಪುಟವನ್ನು ಮೂರು ಕಂಬಸಾಲುಗಳಾಗಿ ಸೀಳಲಾಗಿದೆ: ಅಂದು ನಿಮಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ, ಹಾಗಿದ್ದರೆ ಈಗ ಏನು ಹೇಳುವಿರಿ. ಕಣ್ಣಿಗೆ ತೀರಾ ಸಾಮಾನ್ಯವಾಗಿ ಕಾಣುವ ಈ ಏರ್ಪಾಟಿನ ಹಿಂದೆ ಗಟ್ಟಿಯಾದ ತಿಳಿವಳಿಕೆಯಿದೆ. ಫಲಿತಾಂಶ ತಿಳಿದ ಮೇಲೆ ‘ಇದು ಹೀಗೇ ಆಗುತ್ತದೆಂದು ಮೊದಲೇ ಗೊತ್ತಿರಬೇಕಿತ್ತು’ ಎಂದು ಮನಸ್ಸು ತನಗೆ ತಾನೇ ಹೇಳಿಕೊಳ್ಳುವುದನ್ನು ಮನಶ್ಶಾಸ್ತ್ರಜ್ಞ ಬರೂಕ್ ಫಿಶ್‌ಹಾಫ್ 1975ರಲ್ಲೇ ಪ್ರಯೋಗಗಳಿಂದ ತೋರಿಸಿದ್ದರು. ಹಿಂದಿನ ನಮಗೆ ಬುದ್ಧಿ ಹೇಳಲು ಕುಳಿತಾಗ ನಾವು ಮೊದಲು ಮಾಡುವ ತಪ್ಪು ಅದೇ. ಮೊದಲ ಎರಡು ಕಂಬಸಾಲುಗಳು ಅದಕ್ಕೆ ಕಡಿವಾಣ ಹಾಕುತ್ತವೆ.

ನನ್ನದೇ ಪುಟವೊಂದನ್ನು ಬಿಡಿಸಿ ತೋರಿಸುತ್ತೇನೆ. ಹದಿನೇಳರಲ್ಲಿ ನಾನು ಆಪ್ತ ಗೆಳೆಯನೊಬ್ಬ ಸೇರಿದನೆಂಬ ಒಂದೇ ಕಾರಣಕ್ಕೆ ಒಂದು ಕೋರ್ಸಿಗೆ ಸೇರಿ, ಮೂರು ವರ್ಷ ಅರೆಮನಸ್ಸಿನಿಂದ ಓದಿದೆ. ಮೂರನೆಯ ಕಂಬಸಾಲಿನಲ್ಲಿ ಆತುರದಿಂದ ಮೊದಲು ಬರೆದದ್ದು ‘ಅವನ ಹಿಂದೆ ಹೋಗಬೇಡ’ ಎಂದು. ಆಮೇಲೆ ಮೊದಲನೆಯದಕ್ಕೆ ಮರಳಿದೆ. ಆ ವಿಷಯ ನನಗೆ ಹಿಡಿಸದೆಂದು ಅಂದೇ ಗೊತ್ತಿತ್ತು. ಅರ್ಜಿಯ ಕೊನೆಯ ದಿನಕ್ಕೆ ಎರಡೇ ದಿನ ಉಳಿದಿದ್ದವೆಂದೂ ಗೊತ್ತಿತ್ತು. ಬೇರೆ ಯಾವ ಕೋರ್ಸುಗಳಿವೆ, ಅವುಗಳಲ್ಲಿ ದಿನವಿಡೀ ಏನು ಮಾಡಿಸುತ್ತಾರೆ, ಯಾರನ್ನು ವಿಚಾರಿಸಬೇಕು ಎಂಬುದು ಮಾತ್ರ ಗೊತ್ತಿರಲಿಲ್ಲ. ಎರಡೂ ಕಂಬಸಾಲು ತುಂಬಿದಾಗ ನನ್ನ ಸಲಹೆ ನನಗೇ ಪೊಳ್ಳೆನಿಸಿತು: ಅವನ ಹಿಂದೆ ಹೋಗದಿದ್ದರೆ ಇನ್ನೆಲ್ಲಿಗೆ ಹೋಗಬೇಕಿತ್ತು? ಅದನ್ನು ಹೊಡೆದುಹಾಕಿ, ‘ಅರ್ಜಿ ತುಂಬುವ ಮೊದಲು ಆ ಕೋರ್ಸಿನ ಎರಡನೆಯ ವರ್ಷದಲ್ಲಿ ಓದುತ್ತಿರುವ ಒಬ್ಬರನ್ನು ಹುಡುಕಿ ಒಂದು ಗಂಟೆ ಮಾತನಾಡಿಸು, ನಿನ್ನೆ ಅವರು ತರಗತಿಯಲ್ಲಿ ಏನು ಮಾಡಿದರೆಂದು ಕೇಳು’ ಎಂದು ಬರೆದೆ. ಹದಿನೇಳರವರಿಗೆ ಕೈಲಾಗುವ ಕೆಲಸವೆಂದರೆ ಇದು. ಗೆಳೆಯನ ಮೇಲೆ ಇಷ್ಟು ವರ್ಷ ಹೊರಿಸಿದ್ದ ಸಣ್ಣ ದೂರೊಂದು ಆ ಹೊತ್ತಿಗೆ ಕರಗಿತ್ತೆಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

ಹಣದ ಭಾಗದಲ್ಲಿ ಪುಸ್ತಕ ಅರ್ಧ ಸರಿ, ಅರ್ಧ ತಪ್ಪು. ವರ್ಷಕ್ಕೆ ಶೇಕಡ 8ರ ಚಕ್ರಬಡ್ಡಿ ಸಿಗುತ್ತದೆಂದು ಇಟ್ಟುಕೊಂಡು ಅಲ್ಲಿ ಕೊಟ್ಟಿರುವ ಕೋಷ್ಟಕವನ್ನು ನಾನೂ ಲೆಕ್ಕ ಹಾಕಿ ನೋಡಿದೆ: ಇಪ್ಪತ್ತನೆಯ ವಯಸ್ಸಿನಿಂದ ಹತ್ತು ವರ್ಷ ಮಾತ್ರ ಪ್ರತಿ ವರ್ಷದ ಆರಂಭದಲ್ಲಿ 100ರಂತೆ ಕಟ್ಟಿ ಸುಮ್ಮನಿದ್ದವರ ಗಂಟು ಅರವತ್ತಕ್ಕೆ ಸುಮಾರು 15,700 ಆದರೆ, ಮೂವತ್ತಕ್ಕೆ ಆರಂಭಿಸಿ ಮೂವತ್ತು ವರ್ಷ ಬಿಡದೆ ಕಟ್ಟಿದವರದು ಸುಮಾರು 12,200. ಲೆಕ್ಕದಲ್ಲಿ ದೋಷವಿಲ್ಲ. ಆದರೆ ಬೆಲೆಯೇರಿಕೆಯಾಗಲಿ, ವರ್ಷದಿಂದ ವರ್ಷಕ್ಕೆ ಏರಿಳಿಯುವ ಗಳಿಕೆಯಾಗಲಿ ಅಲ್ಲಿ ಸುಳಿಯುವುದಿಲ್ಲ. ಇಪ್ಪತ್ತರಲ್ಲಿ ಉಳಿಸಲು ಕೈಯಲ್ಲಿ ಕಾಸೇ ಇಲ್ಲದವರು ಅದನ್ನು ನೋಡಿ ನಿಟ್ಟುಸಿರು ಬಿಡುವುದಷ್ಟೇ ಆಗುತ್ತದೆ. ‘ಮೊದಲ ಸಂಬಳಕ್ಕಿಂತ ಮುಂಚೆ ಸಾಲ ಮಾಡಿ ಫೋನು ಕೊಳ್ಳಬೇಡ’ ಎಂದು ನಾನು ಅಂಚಿನಲ್ಲಿ ಬರೆದುಕೊಂಡ ಸಾಲು ಅಂದಿನ ನನಗೆ ಆ ಕೋಷ್ಟಕಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತಿತ್ತು.

ನಿದ್ರೆಯ ಪುಟ ಚಿಕ್ಕದಾದರೂ ಚೊಕ್ಕವಾಗಿದೆ. ಹದಿಮೂರರಿಂದ ಹದಿನೆಂಟರವರಿಗೆ ದಿನಕ್ಕೆ 8ರಿಂದ 10 ಗಂಟೆಯ ನಿದ್ರೆ ಬೇಕು, ಆ ವಯಸ್ಸಿನಲ್ಲಿ ದೇಹದ ಗಡಿಯಾರವೇ ರಾತ್ರಿಯ ಕಡೆಗೆ ಜಾರುವುದರಿಂದ ಬೇಗ ನಿದ್ರೆ ಬಾರದಿರುವುದು ಸೋಮಾರಿತನವಲ್ಲ ಎಂದು ನೇರವಾಗಿ ಹೇಳಿದ್ದಾರೆ. ಗೆಳೆತನ, ಪ್ರೀತಿಗಳ ಪುಟಗಳು ಮತ್ತೆ ಘೋಷವಾಕ್ಯಗಳಿಗೆ ಜಾರುತ್ತವೆ. ಅವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಇನ್ನೊಂದು ಕೊರತೆಯನ್ನು ಮಾತ್ರ ಹೇಳಲೇಬೇಕು. ಪ್ರಶ್ನೆಗಳಲ್ಲಿ ಬಹುಪಾಲು ‘ಏನನ್ನು ಮಾಡಬಾರದಿತ್ತು’ ಎಂಬ ಧಾಟಿಯಲ್ಲಿವೆ. ಥಾಮಸ್ ಗಿಲೊವಿಚ್ ಮತ್ತು ವಿಕ್ಟೋರಿಯಾ ಮೆಡ್ವೆಕ್ 1990ರ ದಶಕದ ತಮ್ಮ ಅಧ್ಯಯನಗಳಲ್ಲಿ ಕಂಡಂತೆ, ಮಾಡಿದ ತಪ್ಪು ಆಗಷ್ಟೇ ಹೆಚ್ಚು ಚುಚ್ಚುತ್ತದೆ, ಕಾಲ ಸರಿದ ಮೇಲೆ ಮಾಡದೇ ಬಿಟ್ಟದ್ದು ಹೆಚ್ಚು ಕಾಡುತ್ತದೆ. ನಾನು ತುಂಬಿದ ಮೂವತ್ತೊಂದು ಉತ್ತರಗಳನ್ನು ಎಣಿಸಿದಾಗ ಇಪ್ಪತ್ತೆರಡು ಬಿಟ್ಟುಬಿಟ್ಟವುಗಳ ಬಗ್ಗೆಯೇ ಇದ್ದವು: ಕೇಳದೆ ಉಳಿದ ಕ್ಷಮೆ, ಕಲಿಯದೆ ಬಿಟ್ಟ ಈಜು, ತರಗತಿಯಲ್ಲಿ ಎತ್ತದ ಕೈ. ಅವುಗಳಿಗೆ ಪುಸ್ತಕದಲ್ಲಿ ಜಾಗವಿರಲಿಲ್ಲ, ಅಂಚುಗಳಲ್ಲಿ ತುರುಕಿದೆ.

ಕೊನೆಯ ಭಾಗ ಆ ಕೊರತೆಯನ್ನು ಒಂದಿಷ್ಟು ತುಂಬುತ್ತದೆ. ಬರೆದ ಪ್ರತಿ ಸಲಹೆಯ ಎದುರಿಗೂ ಇದನ್ನು ಇಂದು ನೀವು ಪಾಲಿಸುತ್ತಿದ್ದೀರಾ ಎಂದು ಗುರುತು ಹಾಕಲು ಅಲ್ಲಿ ಚೌಕವಿದೆ. ಕ್ಲೆಮ್ಸನ್ ವಿಶ್ವವಿದ್ಯಾಲಯದ ರಾಬಿನ್ ಕೊವಾಲ್ಸ್ಕಿ ಮತ್ತು ಆನಿ ಮೆಕಾರ್ಡ್ ಮೂವತ್ತು ದಾಟಿದವರನ್ನು ಇದೇ ವಿಷಯವಾಗಿ ಕೇಳಿದಾಗ, ತಾವು ಕೊಡುವ ಸಲಹೆಯನ್ನು ತಾವೇ ಪಾಲಿಸುತ್ತಿದ್ದವರು, ಹದಿಹರೆಯದ ತಾವು ಇಂದಿನ ತಮ್ಮನ್ನು ಮೆಚ್ಚುತ್ತಿದ್ದೆವೆಂದು ಹೇಳಿದ್ದರು. ನನ್ನ ಚೌಕಗಳಲ್ಲಿ ಗುರುತು ಬಿದ್ದದ್ದು ಒಂಬತ್ತಕ್ಕೆ. ಈಜಿಗೆ ಕಳೆದ ವಾರ ಹೆಸರು ನೋಂದಾಯಿಸಿದ್ದೇನೆ. ಗುರುತನ್ನು ಇನ್ನೂ ಹಾಕಿಲ್ಲ.

ಕಾಗದ ತೆಳುವಾಗಿದ್ದು ಶಾಯಿ ಪೆನ್ನಿನಲ್ಲಿ ಬರೆದರೆ ಹಿಂಬದಿಗೆ ಇಳಿಯುತ್ತದೆ, ಬಾಲ್ ಪೆನ್ನಿಗೆ ತೊಂದರೆಯಿಲ್ಲ. ಲಕೋಟೆ ಎಷ್ಟು ಚಿಕ್ಕದೆಂದರೆ ಹಾಳೆಯನ್ನು ಮೂರು ಸಲ ಮಡಚಿದರೂ ತೂರುವುದಿಲ್ಲ. ಹೊಲಿಗೆ ಮಾತ್ರ ಗಟ್ಟಿ. ಮೂರು ತಿಂಗಳ ಬಳಕೆಯಲ್ಲಿ ಒಂದು ಹಾಳೆಯೂ ಸಡಿಲವಾಗಿಲ್ಲ.

ಓದು ಮುಗಿಸಿ ಒಂದೆರಡು ವರ್ಷ ಕೆಲಸ ಮಾಡಿದವರಿಗೆ ಇದನ್ನು ಕೊಡಬಹುದು, ಐವತ್ತೆಂಟನೆಯ ಪುಟದಿಂದ ಆರಂಭಿಸಿ ಎಂದು ಹೇಳಿ. ಹದಿನಾರರ ಮಕ್ಕಳ ಕೈಗೆ ಕೊಡುವುದು ಬೇಡ. ಅವರಿಗೆ ಇದು ಇನ್ನೊಬ್ಬ ಉಪದೇಶಕನಂತೆ ಕಾಣುತ್ತದೆ. ನಾನಂತೂ ಎರಡನೆಯ ಪ್ರತಿ ಕೊಳ್ಳುವುದಿಲ್ಲ, ಏಕೆಂದರೆ ಮೂರು ಕಂಬಸಾಲುಗಳನ್ನು ಯಾವ ಗೆರೆಪುಸ್ತಕದಲ್ಲಾದರೂ ಸ್ಕೇಲು ಹಿಡಿದು ಎಳೆದುಕೊಳ್ಳಬಹುದು. ಮುಂದಿನ ತಿಂಗಳಿಗೆಂದು ಈಗಾಗಲೇ ಹತ್ತು ಪುಟ ಎಳೆದಿಟ್ಟಿದ್ದೇನೆ.