ಯೋವಾನ್ನನ ತೋರುಬೆರಳು: ಕೊಲ್ಮಾರ್‌ನ ಉಂಟರ್‌ಲಿಂಡನ್ ಸಂಗ್ರಹಾಲಯ

ಫ್ರಾನ್ಸಿನ ಕೊಲ್ಮಾರ್ ಪಟ್ಟಣದ ಉಂಟರ್‌ಲಿಂಡನ್ ಸಂಗ್ರಹಾಲಯಕ್ಕೆ ಬರುವವರಲ್ಲಿ ಹೆಚ್ಚಿನವರು ಒಂದೇ ಕೃತಿಯನ್ನು ಅರಸಿ ಬರುತ್ತಾರೆ: ಜರ್ಮನ್ ಚಿತ್ರಕಾರ ಗ್ರೂನೆವಾಲ್ಡ್ 1512ರಿಂದ 1516ರ ನಡುವೆ ರಚಿಸಿದ ಈಸನ್‌ಹೈಮ್ ಬಲಿಪೀಠದ ಚಿತ್ರಫಲಕಗಳು. ಮೊದಲ ಸಲ ಹೋದಾಗ ನಾನು ಶಿಲುಬೆಯ ಚಿತ್ರದ ಮುಂದೆ ಹೆಚ್ಚು ಹೊತ್ತು ನಿಲ್ಲಲಾರದೆ ಹೊರಬಂದಿದ್ದೆ. ಹಸಿರುಗಟ್ಟಿದ ಮೈ, ಚರ್ಮದಲ್ಲಿ ಮುರಿದು ಉಳಿದ ಮುಳ್ಳುಗಳು, ಸೆಟೆದ ಬೆರಳುಗಳು. ಇಷ್ಟೊಂದು ಯಾತನೆಯನ್ನು ಬರೆಯಬೇಕಾದ ಅಗತ್ಯವೇನಿತ್ತೆಂದು ತಿಳಿಯಲಿಲ್ಲ.

ಅದು ಯಾರ ಕಣ್ಣಿಗಾಗಿ ಬರೆದ ಚಿತ್ರವೆಂದು ತಿಳಿದ ಮೇಲೆ ಎರಡನೆಯ ಭೇಟಿ ಬೇರೆಯೇ ಆಯಿತು. ರೈ ಧಾನ್ಯದ ತೆನೆಗೆ ತಗಲುವ ಶಿಲೀಂಧ್ರ ರೊಟ್ಟಿಯ ಮೂಲಕ ಮೈಸೇರಿ, ಕೈಕಾಲು ಉರಿದು ಕೊಳೆಯುತ್ತಿದ್ದ ‘ಸಂತ ಅಂತೋಣಿಯ ಬೆಂಕಿ’ ಎಂಬ ರೋಗಕ್ಕೆ ಈ ಬಲಿಪೀಠವಿದ್ದ ಈಸನ್‌ಹೈಮ್‌ನ ಮಠದಲ್ಲಿ ಆರೈಕೆ ನಡೆಯುತ್ತಿತ್ತು. (ಈ ಅಂತೋಣಿ ಈಜಿಪ್ಟಿನ ತಪಸ್ವಿ, ನಮ್ಮ ಊರುಗಳಲ್ಲಿ ಮಂಗಳವಾರ ನೊವೆನಾ ಪ್ರಾರ್ಥನೆ ನಡೆಯುವ ಪದುವಾದ ಅಂತೋಣಿಯಲ್ಲ.) ರೋಗಿ ಆ ಶಿಲುಬೆಯ ಮೇಲೆ ತನ್ನಂಥದೇ ಹುಣ್ಣಿನ ಮೈಯನ್ನು ಕಾಣುತ್ತಿದ್ದ.

ಬಲಗಡೆ ನಿಂತಿರುವ, ಕ್ರಿಸ್ತನ ಆಗಮನವನ್ನು ಸಾರಿದ ಪ್ರವಾದಿ ಸ್ನಾನಿಕ ಯೋವಾನ್ನ ಶಿಲುಬೆಯ ಘಟನೆಗೆ ಮೊದಲೇ ಶಿರಚ್ಛೇದಗೊಂಡವನು. ಆದ್ದರಿಂದ ಅವನು ಇಲ್ಲಿ ಪ್ರತ್ಯಕ್ಷದರ್ಶಿಯಲ್ಲ, ವ್ಯಾಖ್ಯಾನಕಾರ. ಆತ ಹೆಚ್ಚಬೇಕು, ನಾನು ಕಡಿಮೆಯಾಗಬೇಕು ಎಂಬ ಅವನ ಮಾತು, ಕ್ರಿಸ್ತನತ್ತ ಬೆರಳು ತೋರುತ್ತ ಚಾಚಿದ ತೋಳಿನ ಬಳಿಯೇ ಲ್ಯಾಟಿನ್‌ನಲ್ಲಿದೆ. ಅವನ ಕಾಲ ಬಳಿ, ಕ್ರಿಸ್ತನ ಬಲಿಯ ಸಂಕೇತವಾದ ಕುರಿಮರಿಯ ಎದೆಯಿಂದ ರಕ್ತ ಪಾನಪಾತ್ರೆಗೆ ಹರಿಯುತ್ತದೆ. ಪೂಜೆಯಲ್ಲಿ ಗುರುಗಳು ಕ್ರಿಸ್ತನ ರಕ್ತವೆಂದು ನಂಬುವ ದ್ರಾಕ್ಷಾರಸದ ಪಾತ್ರೆ ಎತ್ತುತ್ತಿದ್ದುದೂ ಇದೇ ಚಿತ್ರದ ಮುಂದೆ ಎಂಬುದನ್ನು ನೆನೆದರೆ ಆ ಪುಟ್ಟ ಪ್ರಾಣಿಯ ತೂಕ ತಿಳಿಯುತ್ತದೆ. ಎಡಗಡೆ ಮಂಡಿಯೂರಿದ, ಕ್ರಿಸ್ತನ ಶಿಷ್ಯೆ ಮಗ್ದಲದ ಮರಿಯಳನ್ನು ಅಳತೆ ಮೀರಿ ಚಿಕ್ಕದಾಗಿ ಬರೆದಿರುವುದು ಕೈತಪ್ಪಲ್ಲ. ಇಲ್ಲಿ ದೇಹದ ಗಾತ್ರವನ್ನು ನಿರ್ಧರಿಸುವುದು ದೂರವಲ್ಲ, ಮಹತ್ವ.

2022ರಲ್ಲಿ ಮುಗಿದ ಸಂರಕ್ಷಣಾ ಕಾರ್ಯದ ಬಳಿಕ ಬಣ್ಣಗಳು ಬೆಳಗಿವೆ. ಪುನರುತ್ಥಾನದ ಫಲಕದ ಹಳದಿ ಪ್ರಭೆಯಂತೂ ಕಣ್ಣು ಕುಕ್ಕುತ್ತದೆ. ಕದಗಳಂತೆ ತೆರೆದು ಮುಚ್ಚುತ್ತಿದ್ದ ಫಲಕಗಳನ್ನು ಈಗ ಬಿಡಿಸಿ ನಿಲ್ಲಿಸಿರುವುದರಿಂದ ಎಲ್ಲ ಚಿತ್ರಗಳನ್ನೂ ಒಂದೇ ಭೇಟಿಯಲ್ಲಿ ನೋಡಬಹುದು. ಆದರೆ ಹಬ್ಬದ ದಿನ ಕದ ತೆರೆದು ಕತ್ತಲೆಯ ಹಿಂದಿನಿಂದ ಆ ಬೆಳಕು ಹೊಮ್ಮುತ್ತಿದ್ದ ಅನುಭವವನ್ನು ನಾವೇ ಊಹಿಸಿಕೊಳ್ಳಬೇಕು. ಅಲ್ಲಿರುವ ಪುಟ್ಟ ಮಾದರಿಗಳನ್ನು ಮೊದಲು ನೋಡಿದರೆ ಆ ಊಹೆ ಸುಲಭವಾಗುತ್ತದೆ. ಕೆಳಗಿನ ಶವಶೋಕದ ಚಿತ್ರವನ್ನು ಇಬ್ಭಾಗಿಸಿ ಸರಿಸುವಾಗ ಕ್ರಿಸ್ತನ ಕಾಲುಗಳು ದೇಹದಿಂದ ಬೇರ್ಪಡುತ್ತಿದ್ದವು. ಅಂಗಚ್ಛೇದಕ್ಕೆ ಒಳಗಾದ ರೋಗಿಗಳಿಗೆ ಹೇಳಿದ ಮಾತೆಂದು ಹಲವು ವಿದ್ವಾಂಸರು ಅದನ್ನು ಓದಿದ್ದಾರೆ. ಆ ಓದು ನನಗೂ ಒಪ್ಪಿತವಾಗಿದೆ.