ಎಚ್ಚರಿಕೆ: ಎಚ್‌ಎಫ್‌ಇ ನಂಬಿ ಟ್ರಾನ್ಸಿಸ್ಟರ್‌ಗೆ ಬಯಾಸ್ ಕೊಡಬೇಡಿ

ಬ್ರೆಡ್‌ಬೋರ್ಡ್ ಮೇಲೆ ಸ್ವಚ್ಛವಾಗಿ ಕೆಲಸ ಮಾಡಿದ ಆಡಿಯೊ ಪ್ರೀಆಂಪ್ (ಸಣ್ಣ ಸಿಗ್ನಲನ್ನು ಹಿಗ್ಗಿಸುವ ಸರ್ಕ್ಯೂಟ್), ಬೇರೆ ಟ್ರಾನ್ಸಿಸ್ಟರ್ ಹಾಕಿ ಪಿಸಿಬಿಗೆ ಕೂರಿಸಿದ ಮೇಲೆ ಕೆಟ್ಟಿತು. ಸದ್ದೆಲ್ಲ ಒಡಕು. ಬೆಸುಗೆ ಸರಿಯಿತ್ತು, ರೆಸಿಸ್ಟರ್ ವ್ಯಾಲ್ಯೂಗಳೂ ಸರಿ. ಟ್ರಾನ್ಸಿಸ್ಟರ್‌ನ ಮೂರು ಕಾಲುಗಳಾದ ಬೇಸ್, ಕಲೆಕ್ಟರ್, ಎಮಿಟರ್ ಪೈಕಿ ಕಲೆಕ್ಟರ್‌ಗೆ ಮೀಟರ್ ಕಡ್ಡಿ ಮುಟ್ಟಿಸಿದರೆ 0.2 ವೋಲ್ಟ್! ಅಲ್ಲಿ 6 ವೋಲ್ಟ್ ಆಸುಪಾಸು ಇರಬೇಕಿತ್ತು.

ಸರ್ಕ್ಯೂಟ್ ಹೀಗಿತ್ತು: ಬಿಸಿ547ಬಿ (BC547B) ಟ್ರಾನ್ಸಿಸ್ಟರ್, 12 ವೋಲ್ಟ್ ಸಪ್ಲೈ, ಕಲೆಕ್ಟರ್‌ಗೆ 2.7 ಕಿಲೋಓಮ್, ಬಯಾಸ್‌ಗೆ, ಅಂದರೆ ಸಿಗ್ನಲ್ ಇಲ್ಲದಾಗಲೂ ಹರಿಯುವ ಸ್ಥಿರ ಕರೆಂಟ್‌ಗೆ, ಸಪ್ಲೈನಿಂದ ಬೇಸ್‌ಗೆ ಒಂದೇ ಒಂದು 1 ಮೆಗಾಓಮ್, ಎಮಿಟರ್ ನೇರ ಗ್ರೌಂಡ್‌ಗೆ. ಬೇಸ್ ಕರೆಂಟ್ ಸುಮಾರು 11.3 ಮೈಕ್ರೋಆಂಪ್. ಎಚ್‌ಎಫ್‌ಇ, ಅಂದರೆ ಕಲೆಕ್ಟರ್ ಕರೆಂಟ್ ಬೇಸ್ ಕರೆಂಟ್‌ನ ಎಷ್ಟು ಪಟ್ಟು ಎಂಬ ಸಂಖ್ಯೆ, 200 ಇದ್ದರೆ ಕಲೆಕ್ಟರ್ ಸರಿಯಾಗಿ 5.9 ವೋಲ್ಟ್‌ನಲ್ಲಿ ನಿಲ್ಲುತ್ತದೆ. ಅದೇ 400 ಆದರೆ 2.7 ಕಿಲೋಓಮ್ ಮೇಲೆ 12.2 ವೋಲ್ಟ್ ಬೀಳಬೇಕು. ಸಪ್ಲೈ ಇರುವುದೇ 12. ಟ್ರಾನ್ಸಿಸ್ಟರ್ ಸ್ಯಾಚುರೇಟ್ ಆಗದೆ (ಪೂರ್ತಿ ಆನ್ ಆಗಿ ಅಲ್ಲೇ ಸಿಕ್ಕಿಕೊಳ್ಳದೆ) ಇನ್ನೇನಾದೀತು? ಹೆಸರಿನ ಕೊನೆಯ ಅಕ್ಷರ ಸೂಚಿಸುವ 'ಬಿ' ಗುಂಪಿನ ಎಚ್‌ಎಫ್‌ಇ ವ್ಯಾಪ್ತಿಯೇ 200ರಿಂದ 450. ಅಂದರೆ ಬಿಡಿಭಾಗದ್ದು ತಪ್ಪಿಲ್ಲ, ಡಿಸೈನ್‌ದೇ ತಪ್ಪು. ಒಂದೊಂದು ಟ್ರಾನ್ಸಿಸ್ಟರನ್ನೂ ಅಳೆದು ಆರಿಸಿ ಹಾಕುವುದು ಪರಿಹಾರವಲ್ಲ. ಬಿಸಿಯಾದರೆ ಎಚ್‌ಎಫ್‌ಇ ಮತ್ತೆ ಏರುತ್ತದೆ.

1 ಮೆಗಾಓಮ್ ತೆಗೆದುಹಾಕಿ. ಸಪ್ಲೈನಿಂದ ಬೇಸ್‌ಗೆ 47 ಕಿಲೋಓಮ್, ಬೇಸ್‌ನಿಂದ ಗ್ರೌಂಡ್‌ಗೆ 10 ಕಿಲೋಓಮ್, ಎಮಿಟರ್‌ನಲ್ಲಿ 680 ಓಮ್ ಹಾಕಿ. ಕರೆಂಟ್ ಏರಹೊರಟರೆ ಎಮಿಟರ್ ವೋಲ್ಟೇಜ್ ಮೇಲೇರಿ ಬೇಸ್-ಎಮಿಟರ್ ವೋಲ್ಟೇಜನ್ನು ತಾನೇ ತಗ್ಗಿಸುತ್ತದೆ. ಈಗ ಎಚ್‌ಎಫ್‌ಇ 110 ಇದ್ದರೆ ಕಲೆಕ್ಟರ್ 6.8 ವೋಲ್ಟ್, 450 ಇದ್ದರೆ 6.4. ಅಷ್ಟೇ ವ್ಯತ್ಯಾಸ.

ಇದರಲ್ಲಿ ಗೇನ್ (ಸಿಗ್ನಲ್ ಎಷ್ಟು ಪಟ್ಟು ಹಿಗ್ಗುತ್ತದೆ ಎಂಬುದು) ಸುಮಾರು 4ಕ್ಕೆ ಇಳಿಯುತ್ತದೆ, ನಿಜ. ಹೆಚ್ಚು ಬೇಕೆಂದು 680 ಓಮ್‌ಗೆ ಅಡ್ಡಲಾಗಿ (ಪ್ಯಾರಲಲ್ ಆಗಿ) ಕೆಪಾಸಿಟರ್ ಹಾಕುವಾಗ ಇನ್ನೊಂದು ಹಳ್ಳ ಕಾದಿರುತ್ತದೆ: ಲೆಕ್ಕಕ್ಕೆ 680 ಹಿಡಿಯಬೇಡಿ. 2 ಮಿಲಿಆಂಪ್‌ನಲ್ಲಿ ಎಮಿಟರ್ ಒಳಗಿನ ಪ್ರತಿರೋಧ ಸುಮಾರು 13 ಓಮ್. ಕೆಪಾಸಿಟರ್‌ಗೆ ಮುಖ್ಯವಾಗಿ ಕಾಣುವುದು ಅದೇ. 10 ಮೈಕ್ರೋಫ್ಯಾರಡ್ ಹಾಕಿದರೆ 1.2 ಕಿಲೋಹರ್ಟ್ಸ್‌ಗಿಂತ ಕೆಳಗೆ ಗೇನ್ ಕುಸಿದು ತಗ್ಗು ಸ್ವರವೆಲ್ಲ ಸೊರಗುತ್ತದೆ. 220 ಮೈಕ್ರೋಫ್ಯಾರಡ್ ಹಾಕಿ, ಪ್ಲಸ್ ಕಾಲು ಎಮಿಟರ್ ಕಡೆಗಿರಲಿ.

ಬಿಸಿ547 ಬದಲು 2ಎನ್3904 ಹಾಕುವವರು ಕಾಲುಗಳನ್ನೂ ನೋಡಿಕೊಳ್ಳಿ. ಚಪ್ಪಟೆ ಮುಖ ನಿಮ್ಮತ್ತ ಇದ್ದಾಗ ಎಡದಿಂದ ಮೊದಲನೆಯದರಲ್ಲಿ ಕಲೆಕ್ಟರ್, ಬೇಸ್, ಎಮಿಟರ್. ಎರಡನೆಯದರಲ್ಲಿ ಎಮಿಟರ್, ಬೇಸ್, ಕಲೆಕ್ಟರ್.